ಶಿವಮೊಗ್ಗದಲ್ಲಿ ಕನ್ನಡ ರಾಕ್ ಬ್ಯಾಂಡ್ ಕಟ್ಟಿದೀವಿ. ಜಾಗ ಇಲ್ಲ, ಶೋ ಇಲ್ಲ. ಬೆಂಗಳೂರಿಗೆ ಹೋಗ್ಲೇಬೇಕಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ. ಗಿಟಾರ್ ನಾನು, ಬೇಸ್ ಗಿಟಾರ್ ನನ್ನ ಕ್ಲಾಸ್‌ಮೇಟು, ಹಾಡೋಳು ನನ್ನ ಅತ್ತೆ ಮಗಳು, ಡ್ರಮ್ಸ್ ನುಡಿಸೋನು ಮೊಬೈಲ್ ಅಂಗಡೀಲಿ ರಿಪೇರಿ ಕೆಲಸ ಮಾಡ್ತಾನೆ. ಸ್ವಂತ ಹಾಡುಗಳು, ಎಲ್ಲಾ ಕನ್ನಡದಲ್ಲಿ.

ತೀರ್ಥಹಳ್ಳಿ ರಸ್ತೇಲಿರೋ ಬೇಸ್‌ನವನ ತೋಟದ ಮನೇಲಿ ಅಡಿಕೆ ಬೇಯಿಸೋ ಶೆಡ್ ಇದೆ, ಅಲ್ಲೇ ಪ್ರಾಕ್ಟೀಸ್. ಅಕ್ಕಪಕ್ಕ ಮನೆ ಇಲ್ಲ, ಎಷ್ಟು ಬೇಕಾದ್ರೂ ಬಾರಿಸಬಹುದು. ಆದ್ರೆ ಕೊಯ್ಲು ಶುರುವಾದ ತಕ್ಷಣ ಒಲೆ ಹಚ್ತಾರೆ, ಸುಲಿಯೋರು ಬಂದು ಕೂರ್ತಾರೆ, ನಾವು ಡ್ರಮ್ ಎತ್ಕೊಂಡು ಹೊರಗೆ. ಅವರ ಅಪ್ಪನ್ನ ದೂರೋ ಹಾಗಿಲ್ಲ, ಅದು ಅವರ ಅನ್ನ. ಪೇಟೆ ಒಳಗೆ ಒಂದು ಗೋಡೌನ್ ಬಾಡಿಗೆಗೆ ಹಿಡಿದ್ವಿ. ಪಕ್ಕದ ಮನೇಲಿ ಚಿಕ್ಕ ಮಗು ಇತ್ತು, ಮಾಲೀಕರು ಮರ್ಯಾದೆಯಿಂದಲೇ "ಬೇಡಪ್ಪಾ" ಅಂದ್ರು.

ಶೋ ವಿಷಯ ಇನ್ನೂ ಕಷ್ಟ. ಗಣಪತಿ ಸಮಿತಿಯವರು ಫಿಲಂ ಹಾಡು ಇದ್ರೆ ಮಾತ್ರ ಬನ್ನಿ ಅಂತಾರೆ. ಕಾಲೇಜ್ ಫೆಸ್ಟ್‌ನವರು ಬೇರೆಯವರ ಇಂಗ್ಲಿಷ್ ಹಾಡು, ಅಂದ್ರೆ ಕವರ್ ಕೇಳ್ತಾರೆ. ನಮ್ಮ ಹಾಡು ಯಾರಿಗೂ ಬೇಡ. ಈ ವರ್ಷ ಡಿಗ್ರಿ ಮುಗಿಯುತ್ತೆ, ಎಲ್ಲರೂ ಬೆಂಗಳೂರಿಗೆ ಹೋಗಿಬಿಡೋಣ ಅಂತ ಬೇಸ್‌ನವನು ಹಟ ಹಿಡಿದಿದಾನೆ. ಡ್ರಮ್ಮರ್‌ಗೆ ಮನೆ ಬಿಟ್ಟು ಬರೋಕಾಗಲ್ಲ. ಅವನಿಲ್ದೆ ನನಗೆ ಈ ಬ್ಯಾಂಡ್ ಬೇಡ.

ಇನ್ನೊಂದು ಆಸೆ ಇದೆ. ಬೇಂದ್ರೆಯವರ ಒಂದು ಪದ್ಯಕ್ಕೆ ರಾಗ ಹಾಕಿದೀವಿ, ಅದರಲ್ಲಿ ಡೊಳ್ಳು ಸೇರಿಸಬೇಕು ಅಂತ. ಗೊತ್ತಿರೋರು ದಾರಿ ಹೇಳಿ.

ಒಗ್ಗರಣೆ
ಮೊದ್ಲು ಹಾಡು ಹಾಕಿ ಗುರು, ಕೇಳೋಣ.

ನಾಲ್ಕನೇ ತಂತಿ
ಹದಿನೈದು ವರ್ಷದಿಂದ ಬೆಂಗಳೂರಲ್ಲಿ ಬೇಸ್ ನುಡಿಸ್ತಿದೀನಿ. ಬರೀ ಶೋಗೋಸ್ಕರ ಅಂತ ಊರು ಬಿಟ್ಟು ಬರಬೇಡಿ. ಇಲ್ಲಿ ಶೋ ಸಾಲಾಗಿ ಕಾದು ಕೂತಿಲ್ಲ.

ಇಲ್ಲಿನ ಬ್ಯಾಂಡ್‌ಗಳನ್ನೇ ನೋಡಿ. ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಲ್ಲಿ ಶುರುವಾಯ್ತು, ಮೊದಲ ಆಲ್ಬಂ ಬಂದಿದ್ದು 2000ದಲ್ಲಿ. ಕ್ರಿಪ್ಟೋಸ್ 1998ರಲ್ಲಿ ಶುರು, ಮೊದಲ ಆಲ್ಬಂ 2004. ಸ್ವರಾತ್ಮ 2002ರಲ್ಲಿ ಶುರು, 2006ರಲ್ಲಿ ರೇಡಿಯೋ ಸ್ಪರ್ಧೆ ಗೆದ್ದರು, ಆದ್ರೂ ಆಲ್ಬಂ ಬರೋಕೆ 2009 ಆಯ್ತು. ಇವರೆಲ್ಲ ಇದ್ದಿದ್ದು ಇದೇ ಊರಲ್ಲಿ, ಪಬ್ಬು, ಕಾಲೇಜ್ ಫೆಸ್ಟು, ಫ್ರೀಡಂ ಜ್ಯಾಮ್ ಅನ್ನೋ ಸಂಗೀತ ಹಬ್ಬ ಎಲ್ಲಾ ಕೈಗೆ ಸಿಗೋ ಕಡೆ. ಆದ್ರೂ ಇಷ್ಟು ವರ್ಷ ಹಿಡೀತು. ಆ ವರ್ಷಗಳಲ್ಲಿ ಅವರು ಮಾಡಿದ್ದು ಒಂದೇ ಕೆಲಸ, ಒಟ್ಟಿಗೆ ಇದ್ದು ನುಡಿಸಿದ್ದು. ಡ್ರಮ್ಮರ್‌ನ ಬಿಟ್ಟು ಇಲ್ಲಿಗೆ ಬಂದ್ರೆ ನೀವು ಅದನ್ನೇ ಕಳ್ಕೋತೀರಿ.

ಪಬ್ ಲೆಕ್ಕಾನೂ ಹೇಳ್ತೀನಿ. ಡ್ಯಾನ್ಸ್ ಬಾರ್‌ಗಳನ್ನ ಹತೋಟಿಗೆ ತರೋಕೆ ಅಂತ ಮಾಡಿದ್ದ 2005ರ ಲೈಸೆನ್ಸ್ ಆದೇಶವನ್ನ ಸುಪ್ರೀಂ ಕೋರ್ಟ್ 2018ರ ಜನವರೀಲಿ ಎತ್ತಿ ಹಿಡೀತು. ಅದೇ ನಿಯಮ ಗಿಟಾರ್ ಹಿಡಿದು ಕೂತವರ ಮೇಲೂ ಬಿತ್ತು. ಇಂದಿರಾನಗರದ ಕಡೆ ಎಷ್ಟೋ ಜಾಗಗಳಲ್ಲಿ ರಾತ್ರೋರಾತ್ರಿ ಲೈವ್ ಮ್ಯೂಸಿಕ್ ನಿಂತುಹೋಯ್ತು. ನಮ್ಮ ಬುಕ್ಕಿಂಗ್‌ಗಳೂ ಹೋದ್ವು. ಬೆಂಗಳೂರು ನಂಬಿ ಬಂದವರಿಗೆ ಅದು ದೊಡ್ಡ ಪೆಟ್ಟು.

ಹುಬ್ಬಳ್ಳಿ ಮಂದಿ
ನಾಲ್ಕನೇ ತಂತಿಯವರು ಬೆಂಗಳೂರಾಗ ಕುಂತು "ಬರಬ್ಯಾಡ್ರಿ" ಅನ್ನೂದು ಸುಲಭ ಐತ್ರಿ. ನಮ್ಮ ಕಡೆ ಬ್ಯಾಂಡ್ ಪ್ರಾಕ್ಟೀಸಿಗಂತ ಬಾಡಿಗಿಗೆ ಸಿಗೂ ಜ್ಯಾಮ್ ರೂಮ್ ಅನ್ನೂ ಮಾತ ಮಂದಿಗೆ ಗೊತ್ತಿರಲಿಲ್ಲ. ಕಲ್ಯಾಣ ಮಂಟಪದ ಹಿಂದ ಪಾತ್ರೆ ಇಡೂ ಖೋಲಿಯೊಳಗ ನುಡಸ್ತಿದ್ವಿ. ಮದುವಿ ಇದ್ರ ನಮ್ಮ ಪ್ರಾಕ್ಟೀಸ್ ಬಂದ್.

ತಮ್ಮಾ ತುಂಗಾತೀರ, ಒಂದು ಮಾತು ಕೇಳು. ಗಣಪತಿ ಸಮಿತಿಯವರ್ನ ಬಿಡಬ್ಯಾಡ. ನಾವು ಮೊದ್ಲ ಆರ್ಕೆಸ್ಟ್ರಾದವರ ಜೋಡಿ ಹೋದ್ವಿ. ಕೀಬೋರ್ಡು, ರಿದಮ್ ಪ್ಯಾಡು, ಇಬ್ಬರು ಹಾಡವರು, ರಾತ್ರಿ ಹತ್ತರ ತನಕ ರಾಜಕುಮಾರ್, ವಿಷ್ಣುವರ್ಧನ್ ಹಾಡು. ನಡುವ ಅವರು ಚಾ ಕುಡ್ಯಾಕ ಹೋದಾಗ ಹದಿನೈದು ನಿಮಿಷ ನಮಗ ಕೊಡ್ರಿ ಅಂತ ಕೇಳ್ಕೊಂಡ್ವಿ. ಕೊಟ್ರು. ಮೊದಲನೇ ಸಲ ಮುಂದ ಕುಂತ ಹಿರ್ಯಾರು ಎದ್ದು ಹೋದ್ರು, ಹುಡುಗ್ರು ಉಳಕೊಂಡ್ರು. ಮರುವರ್ಷ ಅದೇ ಓಣಿ ಹುಡುಗ್ರು ಸಮಿತಿಯೊಳಗ ಬಂದಿದ್ರು, ನಮ್ಮನ್ನ ಅವರ ಕರದ್ರು.

ಆರ್ಕೆಸ್ಟ್ರಾದವರನ್ನ ಕೀಳಾಗಿ ನೋಡಬ್ಯಾಡ್ರಿ. ಯಾರರ ಶ್ರುತಿ ಬದಲಿಸ್ರಿ ಅಂದ್ರ ಕಣ್ಣು ಮುಚ್ಚೂದ್ರಾಗ ಬದಲಿಸ್ತಾರ. ನನಗ ತಾಳ ಕೈಯಾಗ ಕುಂತಿದ್ದು ಅಲ್ಲೇ.

ಕಪ್ಪು ಅಂಗಿ
ಆರ್ಕೆಸ್ಟ್ರಾ ಬೇರೆ, ರಾಕ್ ಬೇರೆ. ಅಲ್ಲಿ ಹೋದ್ರೆ ಜೀವನ ಪೂರ್ತಿ ಫಿಲಂ ಹಾಡು ನುಡಿಸ್ಕೊಂಡೇ ಇರ್ತೀರಿ. ನಾನು ನೋಡಿರೋ ಮೂರು ಬ್ಯಾಂಡ್‌ಗಳು ಹಾಗೇ ಮುಳುಗಿದ್ವು. ಮೊದಲು ದುಡ್ಡಿಗೆ ಕವರ್, ಆಮೇಲೆ ಅಭ್ಯಾಸ, ಆಮೇಲೆ ಸ್ವಂತ ಹಾಡು ಬರೆಯೋ ಹಸಿವೇ ಇರಲ್ಲ.

ಹುಬ್ಬಳ್ಳಿ ಮಂದಿ
ಹಸಿವು ಹೋಗೂದು ಮನಶಾನ ಮ್ಯಾಲ ಐತಿ, ಪೆಂಡಾಲ್ ಮ್ಯಾಲ ಅಲ್ಲ.

ಹಳೇ ದಂಡು
ನಾನು ಬೆಂಗಳೂರು ಕಂಟೋನ್ಮೆಂಟ್ ಕಡೆಯವನು, ವಯಸ್ಸಾಗಿದೆ. ಈ ಜಗಳ ಹೊಸದಲ್ಲ. 1970ರ ಸುಮಾರಿಗೆ ಹ್ಯೂಮನ್ ಬಾಂಡೇಜ್ ಅಂತ ಒಂದು ರಾಕ್ ತಂಡ ಇತ್ತು, ನಮ್ಮ ಕಾಲದ ಹುಡುಗರಿಗೆಲ್ಲ ಹುಚ್ಚು. ಅದರಲ್ಲಿ ಡ್ರಮ್ಸ್ ನುಡಿಸ್ತಿದ್ದ ರಮೇಶ್ ಶೋತಂ ಆಮೇಲೆ ಬೆಂಗಳೂರಲ್ಲಿ ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ಗೆ ಹೋಗಿ ತವಿಲ್, ಅಂದ್ರೆ ನಾದಸ್ವರದ ಜೊತೆ ಬಾರಿಸೋ ಡೋಲು, ಕಲಿತರು. ಮುಂದೆ ಜರ್ಮನಿಗೆ ಹೋಗಿ ಅಲ್ಲಿನ ಜಾಝ್ ಸಂಗೀತಗಾರರ ಜೊತೆ ನುಡಿಸಿದರು.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಡೊಳ್ಳು ಸೇರಿಸಬೇಕು ಅಂತಿದೀಯಲ್ಲಪ್ಪ, ಅವರು ತವಿಲ್‌ನ ತಂದು ರಾಕ್ ಪಕ್ಕ ನಿಲ್ಲಿಸಲಿಲ್ಲ. ಗುರುಗಳ ಮುಂದೆ ಕೂತು ಕಲಿತರು. ನಿಮ್ಮ ಡ್ರಮ್ಮರ್ ಹುಡುಗನೂ ಡೊಳ್ಳಿನವರ ಹತ್ತಿರ ಹೋಗಿ ಕೂರಲಿ.

ಕಪ್ಪು ಅಂಗಿ
ಸಾರ್, ಆಗ ವಾದ್ಯ ಎಲ್ಲಿಂದ ತರ್ತಿದ್ರಿ?

ಹಳೇ ದಂಡು
ಆಮದು ಗಿಟಾರ್ ಕೈಗೆ ಸಿಗ್ತಿರಲಿಲ್ಲ. ವಿದೇಶದಿಂದ ಬರೋರ ಕೈಲಿ ತಂತಿ ತರಿಸೋದು, ಹಳೇ ರೇಡಿಯೋ ರಿಪೇರಿಯವರ ಹತ್ತಿರ ವಾಲ್ವ್ ಆಂಪ್ ಮಾಡಿಸೋದು. ತಂತಿ ಸವೆದ್ರೆ ಬಿಚ್ಚಿ ನೀರಲ್ಲಿ ಕುದಿಸಿ ಮತ್ತೆ ಹಾಕ್ತಿದ್ವಿ. ಎರಡು ದಿನ ಹೊಸದರ ಥರ ಕೇಳ್ತಿತ್ತು.

ನಾಲ್ಕನೇ ತಂತಿ
ಬೇಸ್ ತಂತಿ ಇವತ್ತೂ ಕುದಿಸ್ತೀವಿ ಸಾರ್. ಸೆಟ್‌ಗೆ ಕೊಡೋ ದುಡ್ಡು ನೋಡಿದ್ರೆ ಕುದಿಸದೇ ಇರೋಕಾಗಲ್ಲ.

ಮನೆಮದ್ದು
ಜಾಗದ ಸಮಸ್ಯೆಗೆ ಸುಲಭ ಉಪಾಯ. ಗೋಡೌನ್ ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿ. ಬೇಕರಿಯವರು ಬಿಟ್ಟಿ ಕೊಡ್ತಾರೆ. ಸೌಂಡ್ ಹೊರಗೆ ಹೋಗಲ್ಲ.

ಮೂರು ಪಿನ್ನು
ದಯವಿಟ್ಟು ಮೊಟ್ಟೆ ಟ್ರೇ ಅಂಟಿಸಬೇಡಿ. ನಾನು ಪೆಂಡಾಲ್ ಲೈಟು ಸೌಂಡು ಮಾಡೋನು. ಟ್ರೇ ತೆಳು ರಟ್ಟು. ರೂಮ್ ಒಳಗಿನ ಚುರುಕು ದನಿಯ ಪ್ರತಿಧ್ವನಿ ಸ್ವಲ್ಪ ಕಮ್ಮಿ ಆಗುತ್ತೆ ಅಷ್ಟೇ. ಗೋಡೆ ದಾಟಿ ಹೋಗೋ, ಕಾಲಲ್ಲಿ ಬಾರಿಸೋ ಕಿಕ್ ಡ್ರಮ್ಮು, ಬೇಸು ಅದಕ್ಕೆಲ್ಲ ಬಗ್ಗಲ್ಲ. ದಪ್ಪ ದನಿ ತಡೆಯೋಕೆ ತೂಕ ಬೇಕು: ಇಟ್ಟಿಗೆ ಗೋಡೆ, ಭಾರದ ಬಾಗಿಲು, ಸಂದಿ ಇಲ್ಲದ ಕಿಟಕಿ. ಬಾಗಿಲ ಕೆಳಗೆ ಒಂದು ಬೆರಳಷ್ಟು ಸಂದಿ ಇದ್ರೂ ಉಳಿದ ಖರ್ಚೆಲ್ಲ ದಂಡ. ಮೇಲಾಗಿ ಆ ರಟ್ಟಿಗೆ ಬೆಂಕಿ ಬಹಳ ಬೇಗ ಹತ್ತುತ್ತೆ. ವೈರು, ಆಂಪು, ಜನ ಎಲ್ಲಾ ಇರೋ ಮುಚ್ಚಿದ ರೂಮಲ್ಲಿ ಅದು ಬೇಡವೇ ಬೇಡ.

ಅದಕ್ಕಿಂತ ಸದ್ದು ಹುಟ್ಟೋ ಕಡೆನೇ ತಗ್ಗಿಸಿ. ಡ್ರಮ್ ಮೇಲೆ ಬಲೆ ಥರದ ಮೆಶ್ ಹೆಡ್ ಹಾಕಿ, ಕೆಳಗೆ ದಪ್ಪ ರಬ್ಬರ್ ಮ್ಯಾಟ್, ಗಿಟಾರು ಬೇಸು ಎರಡೂ ಮಿಕ್ಸರ್‌ಗೆ, ಎಲ್ಲರೂ ಹೆಡ್‌ಫೋನಲ್ಲಿ ಕೇಳಿ. ಹೊರಗೆ ನಿಂತವರಿಗೆ ಹಾಡೋರ ದನಿ, ಕೋಲಿನ ಟಕಟಕ ಬಿಟ್ರೆ ಹೆಚ್ಚೇನೂ ಕೇಳಲ್ಲ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಅಂತ ಮಿತಿ ಇದೆ. ಡ್ರಮ್ ಕಿಟ್ ಹತ್ರ ನಿಂತ್ರೆ ನೂರು ದಾಟುತ್ತೆ.

ಈಗ ಮುಖ್ಯ ವಿಷಯ. ಆ ಅಡಿಕೆ ಶೆಡ್‌ಗೆ ಕರೆಂಟ್ ಎಲ್ಲಿಂದ ಎಳೆದಿದೀರಿ? ಪಂಪ್‌ಸೆಟ್ ಲೈನಿಂದಲಾ? ಅರ್ತಿಂಗ್ ಇದೆಯಾ?

ತುಂಗಾತೀರ
ತೋಟದ ಮನೆ ಬೋರ್ಡಿಂದ ಎಳೆದಿರೋದು ಅಣ್ಣ. ಅರ್ತಿಂಗ್ ಗೊತ್ತಿಲ್ಲ. ಮಳೆಗಾಲದಲ್ಲಿ ಮೈಕ್‌ಗೆ ತುಟಿ ತಾಗಿದ್ರೆ ಚುರ್ ಅನ್ನುತ್ತೆ ಅಂತ ಅತ್ತೆ ಮಗಳು ಹೇಳ್ತಿರ್ತಾಳೆ. ಹಾಡ್ತಾ ಗಿಟಾರ್ ತಂತಿ ಹಿಡಿದಿದ್ರೆ ಮಾತ್ರ.

ಮೂರು ಪಿನ್ನು
ಇವತ್ತಿಂದ ಪ್ರಾಕ್ಟೀಸ್ ನಿಲ್ಲಿಸಿ, ಮೊದಲು ಎಲೆಕ್ಟ್ರೀಷಿಯನ್ ಕರೆಸಿ. ನಿಜವಾಗ್ಲೂ ಹೇಳ್ತಿದೀನಿ. ಮೈಕ್ ಒಂದು ಕಡೆ, ಗಿಟಾರ್ ಆಂಪ್ ಇನ್ನೊಂದು ಕಡೆ, ಎರಡರಲ್ಲಿ ಒಂದಕ್ಕೆ ಅರ್ತ್ ಸರಿ ಇಲ್ಲ ಅಂದ್ರೆ ಹಾಡೋರ ಮೈಯೇ ನಡುವಿನ ವೈರ್ ಆಗುತ್ತೆ. ಇವತ್ತು ಚುರ್ ಅಂದಿದ್ದು ನಾಳೆ ನೆಲ ಒದ್ದೆ ಇದ್ದಾಗ ಜೀವ ತೆಗೆಯುತ್ತೆ.

ಅರ್ತ್ ಗುಂಡಿ ತೋಡಿಸಿ, ಎಲ್ಲಾ ಸಾಮಾನಿಗೂ ಒಂದೇ ಬೋರ್ಡಿಂದ ಕರೆಂಟ್ ಕೊಡಿ, ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯೋ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಆಂಪ್‌ನಲ್ಲಿ ಗುಂಯ್ ಅನ್ನುತ್ತೆ ಅಂತ ಪ್ಲಗ್‌ನ ದಪ್ಪ ಪಿನ್ ಕಿತ್ತು ಹಾಕೋ ಹುಡುಗರನ್ನ ತುಂಬ ನೋಡಿದೀನಿ. ನೀವು ಅದನ್ನ ಮಾಡಿದ್ರೆ ಇವತ್ತೇ ಪ್ಲಗ್ ಬದಲಿಸಿ. ಯಾವುದೇ ಪೆಂಡಾಲ್‌ಗೆ ಹೋದ್ರೂ ಹಾಡೋಳು ಮೈಕ್ ಮುಟ್ಟೋ ಮುಂಚೆ ಟೆಸ್ಟರ್ ಇಟ್ಟು ನೋಡಿ. ಸೌಂಡ್‌ನವರು ಮುಖ ಸಿಂಡರಿಸಿದ್ರೆ ಸಿಂಡರಿಸಲಿ.

ಒಗ್ಗರಣೆ
ಇದನ್ನ ಎಲ್ಲಾ ಬ್ಯಾಂಡ್‌ನವರೂ ಓದಬೇಕು.

ಕಡಲ ಬದಿ
ನಾನು ಮಂಗಳೂರಿನವಳು, ಐದು ವರ್ಷ ಒಂದು ಬ್ಯಾಂಡಿನಲ್ಲಿ ಹಾಡಿದ್ದೆ. ತುಂಗಾತೀರ, ನೀವು ಬೇಸ್‌ನವ ಹೇಳಿದ್ದು, ಡ್ರಮ್ಮರ್‌ನ ಕಷ್ಟ ಎಲ್ಲ ಬರೆದಿದ್ದೀರಿ. ನಿಮ್ಮ ಅತ್ತೆ ಮಗಳಿಗೆ ಎಂತ ಬೇಕು ಅಂತ ಒಂದು ಸಾಲೂ ಇಲ್ಲ. ಅವಳನ್ನು ಕೇಳಿದ್ದೀರಾ?

ನಮ್ಮಲ್ಲಿ ಹಾಡು ಬರೆಯುವಾಗ, ದುಡ್ಡು ಹಂಚುವಾಗ ನಾನು ಲೆಕ್ಕಕ್ಕೆ ಇರಲಿಲ್ಲ. ಪೋಸ್ಟರಿಗೆ ಮಾತ್ರ ನನ್ನ ಮುಖ. ಸುರತ್ಕಲ್‌ನ ಎನ್‌ಐಟಿಕೆ ಕಾಲೇಜಿನ ಫೆಸ್ಟಿನಲ್ಲಿ ನುಡಿಸಿ ಬರುವಾಗ ರಾತ್ರಿ ಎಷ್ಟು ಹೊತ್ತಾಗ್ತದೆ, ಯಾರು ಮನೆಗೆ ಬಿಡುವುದು ಅಂತ ಯಾರೂ ಮೊದಲು ಯೋಚನೆ ಮಾಡ್ತಿರಲಿಲ್ಲ. ಮನೆಯಲ್ಲಿ ಬೈಗುಳ ತಿನ್ನುವುದು ನಾನೊಬ್ಬಳೇ. ಕೊನೆಗೆ ಬಿಟ್ಟೆ. ನನಗೆ ಹಾಡು ಬೇಡ ಅಂತ ಆದದ್ದಲ್ಲ ಮಾರಾಯ್ರೆ.

ಶೋ ಒಪ್ಪುವ ಮೊದಲೇ ಗಾಡಿ, ಸಮಯ, ಯಾರು ಮನೆ ಬಾಗಿಲವರೆಗೆ ಬಿಡ್ತಾರೆ, ಇಷ್ಟನ್ನು ಮಾತಾಡಿ. ಅವಳ ಅಪ್ಪ ಅಮ್ಮನ ಎದುರೇ ಮಾತಾಡಿ. ಬ್ಯಾಂಡ್ ಉಳಿಯುವುದು ಅದರಿಂದ.

ತುಂಗಾತೀರ
ಅಕ್ಕಾ, ನಿನ್ನೆ ರಾತ್ರಿ ಕೇಳ್ದೆ. ಅವಳಿಗೆ ಬೆಂಗಳೂರು ಬೇಡವಂತೆ. ಬಿ.ಎಡ್. ಮಾಡ್ಬೇಕಂತೆ, ಹಾಡೂ ಬಿಡಲ್ಲವಂತೆ. ಎರಡು ಹಾಡು ಬರೆದಿಟ್ಟಿದಾಳೆ, ನಮಗೆ ತೋರಿಸೇ ಇರಲಿಲ್ಲ. ಒಂದು ತುಂಬ ಚೆನ್ನಾಗಿದೆ.

ಕಡಲ ಬದಿ
ನೋಡಿ, ಉಂಟಲ್ಲ!

ಕಾಯ್ದೆ ಪುಸ್ತಕ
ಬೇಂದ್ರೆ ಪದ್ಯದ ವಿಷಯಕ್ಕೆ ಬರ್ತೀನಿ. ಅಂಬಿಕಾತನಯದತ್ತರು ತೀರಿಕೊಂಡಿದ್ದು 1981ರಲ್ಲಿ. ನಮ್ಮ ಕಾಯ್ದೆಯಲ್ಲಿ ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತೆ, ಅಂದ್ರೆ 2041ರ ಕೊನೆವರೆಗೆ. ರಾಗ ನಿಮ್ಮದೇ ಆದ್ರೂ ಸಾಹಿತ್ಯ ಅವರದ್ದು. ರೆಕಾರ್ಡ್ ಮಾಡಿ ಹಾಕೋ ಮುಂಚೆ ಹಕ್ಕುದಾರರಿಗೆ ಪತ್ರ ಬರೆದು ಒಪ್ಪಿಗೆ ತಗೊಳ್ಳಿ.

ಮನೆಮದ್ದು
ಅಷ್ಟೆಲ್ಲ ತಲೆಬಿಸಿ ಯಾಕೆ, ಶಿಶುನಾಳ ಶರೀಫರ ಪದ ಹಾಡಿ. ಹಕ್ಕೂ ಇಲ್ಲ, ಗಿಕ್ಕೂ ಇಲ್ಲ. ರಘು ದೀಕ್ಷಿತ್ ಅದನ್ನೇ ಹಾಡಿ ಗೆದ್ದಿದ್ದು.

ಕಾಯ್ದೆ ಪುಸ್ತಕ
ಅರ್ಧ ಸರಿ. ಶರೀಫರು 1889ರಲ್ಲೇ ತೀರಿಕೊಂಡರು, ಪದ ಎಲ್ಲರದ್ದು. ಆದರೆ ನಮ್ಮ ಕಿವೀಲಿ ಕೂತಿರೋ ಎಷ್ಟೋ ಧಾಟಿ ಸಿ. ಅಶ್ವತ್ಥ್ ಅವರದ್ದು. ಅವರು ಹೋಗಿದ್ದು 2009ರ ಡಿಸೆಂಬರಲ್ಲಿ, ಆ ರಾಗ ಸಂಯೋಜನೆಗೆ 2069ರವರೆಗೆ ಹಕ್ಕು ಇದೆ. ಶರೀಫರ ಪದಕ್ಕೆ ನಿಮ್ಮದೇ ಹೊಸ ಧಾಟಿ ಕಟ್ಟಿದ್ರೆ ಯಾರ ಅಡ್ಡಿಯೂ ಇಲ್ಲ.

ಮೈಸೂರು ಮಲ್ಲಿಗೆ ಗಿಡ
ರಘು ದೀಕ್ಷಿತ್ "ಅದನ್ನೇ ಹಾಡಿ ಗೆದ್ದರು" ಅನ್ನೋದು ತುಂಬ ಹಗುರಾಯ್ತು. ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ, ಭರತನಾಟ್ಯ ಕಲಿತವರು, ಕೆಲಸ ಮಾಡಿಕೊಂಡು ಹಾಡಿದರು. ಅಂತರಾಗ್ನಿ ಅಂತ ಬ್ಯಾಂಡ್ ಕಟ್ಟಿದರು, ಅದು ಒಡೆದು ಹೋಯ್ತು. ಮತ್ತೆ ರಘು ದೀಕ್ಷಿತ್ ಪ್ರಾಜೆಕ್ಟ್ ಅಂತ ಶುರು ಮಾಡಿದರು. ಕ್ಯಾಸೆಟ್ ಕಂಪನಿಗಳು ವರ್ಷಗಟ್ಟಲೆ ವಾಪಸ್ ಕಳಿಸಿದವು. ಕೊನೆಗೆ ಮುಂಬೈನಲ್ಲಿ ಹಿಂದಿ ಸಿನಿಮಾ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಕೇಳಿ ಮೆಚ್ಚಿ 2008ರಲ್ಲಿ ಆಲ್ಬಂ ತಂದರು. ಎರಡು ವರ್ಷ ಆದಮೇಲೆ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸೋ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು. ಅವರ ತಮ್ಮ ವಾಸು ದೀಕ್ಷಿತ್ ಸ್ವರಾತ್ಮದವರು, ಸೊಂಟಕ್ಕೆ ಬಟ್ಟೆ ಕುದುರೆ ಕಟ್ಟಿಕೊಂಡು ವೇದಿಕೆಗೆ ಬರ್ತಿದ್ದರು.

ಅಂದಹಾಗೆ ಯುವ ದಸರಾ, ಅದಕ್ಕೆ ಮುಂಚೆ ಮಾನಸಗಂಗೋತ್ರಿ ಬಯಲು ರಂಗಮಂದಿರದಲ್ಲಿ ನಡೆಯೋ ಯುವ ಸಂಭ್ರಮ, ಎರಡನ್ನೂ ಗಮನದಲ್ಲಿಡಿ. ಯುವ ಸಂಭ್ರಮಕ್ಕೆ ಕಾಲೇಜು ತಂಡಗಳಿಗೇ ಅವಕಾಶ. ಡಿಗ್ರಿ ಮುಗಿಯೋ ಮುಂಚೆ ನಿಮ್ಮ ಕಾಲೇಜಿನ ಸಾಂಸ್ಕೃತಿಕ ಸಮಿತಿಯವರ ಹತ್ತಿರ ಕೇಳಿ.

ಕಪ್ಪು ಅಂಗಿ
ಯುವ ದಸರಾದಲ್ಲಿ ರಾಕ್ ಯಾರಿಗೆ ಬೇಕು? 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಾಗ ಬಂದ ಜನ ನೋಡ್ಬೇಕಿತ್ತು.

ಮೈಸೂರು ಮಲ್ಲಿಗೆ ಗಿಡ
ಅವತ್ತು ನಾನೂ ಇದ್ದೆ. ರಾತ್ರಿ ಬಸ್ಸಲ್ಲಿ ಬಂದಿದ್ವಿ.

ನಾಲ್ಕನೇ ತಂತಿ
2011ರಲ್ಲಿ ಮೆಟಾಲಿಕಾ ಗುರುಗ್ರಾಮದ ಶೋ ರದ್ದಾಗಿ ಅಕ್ಟೋಬರ್ 30ಕ್ಕೆ ಬೆಂಗಳೂರಲ್ಲಿ ನುಡಿಸಿದಾಗ ಉತ್ತರದಿಂದೆಲ್ಲ ಟ್ರೇನ್ ಹತ್ತಿ ಬಂದಿದ್ರು. ಅವತ್ತು ಮೈದಾನದಲ್ಲಿದ್ದ ಆ ಸಾವಿರಾರು ಜನರಲ್ಲಿ ಮುಂದಿನ ವಾರ ಊರಿನ ಬ್ಯಾಂಡ್ ಕೇಳೋಕೆ ಬಂದವರು ಎಷ್ಟು? ನಮ್ಮ ಶೋಗೆ ಮೂವತ್ತು ಜನ ಇದ್ರು. ನನಗೆ ಇವತ್ತಿಗೂ ಅದೇ ಸಂಕಟ.

ಒಗ್ಗರಣೆ
ಎಲ್ಲಿಂದೆಲ್ಲಿಗೆ ಹೋಯ್ತು. ಹುಡುಗನ ಡೊಳ್ಳಿಗೆ ಯಾರಾದ್ರೂ ಉತ್ತರ ಕೊಡಿ.

ಬೀರಪ್ಪನ ಒಕ್ಕಲು
ನಾನು ಕೊಡ್ತೀನಿ. ಸಾಗರದ ಕಡೆಯವನು, ಡೊಳ್ಳು ನಮ್ಮ ಮನೆತನದಲ್ಲೇ ಬಂದಿದೆ.

ಬ್ಯಾಂಡ್‌ನವರು ನಮ್ಮನ್ನ ಕರೀತಾರೆ. ಹಿಂದೆ ನಿಲ್ಲಿಸ್ತಾರೆ, ಒಂದು ಹಾಡಿನ ಮಧ್ಯೆ ಎರಡು ನಿಮಿಷ ಬಾರಿಸಿ ಅಂತಾರೆ, ಫೋಟೋ ತೆಗೀತಾರೆ, ಊಟ ಕೊಟ್ಟು ಬಸ್ ಚಾರ್ಜ್ ಕೊಟ್ಟು ಕಳಿಸ್ತಾರೆ. ಹಾಡು ಹೊರಗೆ ಬಂದಾಗ ನಮ್ಮ ಹೆಸರು ಇರಲ್ಲ, "ಜಾನಪದ ತಾಳವಾದ್ಯ" ಅಂತ ಇರುತ್ತೆ. ಗಿಟಾರ್ ನುಡಿಸಿದವನ ಹೆಸರು ಮಾತ್ರ ಪೂರ್ತಿ. ಇದು ನನಗೆ ನೋವು. ಬೀರೇಶ್ವರನ ಮುಂದೆ ಬಾರಿಸೋ ವಾದ್ಯ ಅದು, ಪದಗಳಿವೆ, ಕುಣಿತದ ಹೆಜ್ಜೆಗೆ ತಕ್ಕ ಬೇರೆ ಬೇರೆ ಗತ್ತುಗಳಿವೆ. ಎರಡು ನಿಮಿಷದ ಗದ್ದಲಕ್ಕೆ ಅಂತ ನಮ್ಮ ಹಿರಿಯರು ಕಟ್ಟಿದ್ದಲ್ಲ.

ಆದ್ರೆ ಹುಡುಗ ಕೇಳಿರೋ ರೀತಿ ಚೆನ್ನಾಗಿದೆ, ಅದಕ್ಕೇ ಬರೀತಿದೀನಿ. ಡೊಳ್ಳು ಬೇಕಾದ್ರೆ ಹಾಡು ಕಟ್ಟುವಾಗಲೇ ನಮ್ಮನ್ನ ಕೂರಿಸ್ಕೊಳ್ಳಿ. ಎಲ್ಲರಿಗೂ ಎಷ್ಟೋ ನಮಗೂ ಅಷ್ಟೇ ಸಂಭಾವನೆ. ಹೆಸರು ಹಾಕಿ. ಮಳೆಗಾಲದಲ್ಲಿ ಚರ್ಮ ಸಡಿಲ ಆಗುತ್ತೆ, ಹಗ್ಗ ಬಿಗೀಬೇಕು, ಬೆಂಕಿ ಕಾಯಿಸಬೇಕು, ಅದಕ್ಕೆ ಹೊತ್ತು ಬೇಕು. ವೇದಿಕೆ ಹತ್ತಿ ಅಂದ ತಕ್ಷಣ ಹತ್ತೋಕಾಗಲ್ಲ.

ಮೂರು ಪಿನ್ನು
ಸೌಂಡ್ ಕಡೆಯಿಂದ ಒಂದು ಮಾತು. ಡೊಳ್ಳಿಗೆ ಎರಡೂ ಮುಖಕ್ಕೆ ಬೇರೆ ಬೇರೆ ಮೈಕ್ ಇಡಿ, ಕೋಲು ಬೀಳೋ ಕಡೆ ಬೇರೆ ದನಿ, ಕೈ ಬೀಳೋ ಕಡೆ ಬೇರೆ. ಬೇಸ್ ಗಿಟಾರ್‌ನ ದಪ್ಪ ತಂತಿ 41 ಹರ್ಟ್ಸ್ ಹತ್ತಿರ ನುಡಿಯುತ್ತೆ. ಕಿಕ್ಕು, ಡೊಳ್ಳು, ಬೇಸು ಮೂರೂ ತಳದಲ್ಲೇ ಕೂತ್ರೆ ಕೇಳೋರಿಗೆ ಬರೀ ಗುಡುಗು. ಡೊಳ್ಳು ಬರೋ ಕಡೆ ಕಿಕ್ ಬಿಡಿ, ಬೇಸ್ ಉದ್ದ ಸ್ವರ ಹಿಡಿದು ಕೂತಿರಲಿ. ಮಿಕ್ಸರ್‌ನಲ್ಲಿ ಸರಿ ಮಾಡೋಣ ಅಂದ್ರೆ ಆಗಲ್ಲ, ಹಾಡು ಕಟ್ಟುವಾಗಲೇ ಜಾಗ ಬಿಡಬೇಕು.

ನಾಲ್ಕನೇ ತಂತಿ
ಬೇಸ್‌ನವನಾಗಿ ಒಪ್ತೀನಿ. ಕಮ್ಮಿ ನುಡಿಸೋದು ಕಲಿಯೋಕೆ ನನಗೆ ಹತ್ತು ವರ್ಷ ಹಿಡೀತು.

ಕಪ್ಪು ಅಂಗಿ
ನನ್ನ ಮಾತು ಬದಲಾಗಲ್ಲ, ಕವರ್‌ಗೆ ಇಳೀಬೇಡಿ. ಬೆಂಗಳೂರಿನ ಆಗಮ್ ಬ್ಯಾಂಡ್‌ನವರು ಸಾಫ್ಟ್‌ವೇರ್ ಅದು ಇದು ಕೆಲಸ ಮಾಡ್ಕೊಂಡೇ ತಮ್ಮ ಸಂಗೀತ ಮಾಡಿದ್ರು. ಹೊಟ್ಟೆಗೆ ಬೇರೆ ದಾರಿ ಇಟ್ಕೊಂಡ್ರೆ ಯಾವ ಸಮಿತಿಗೂ ತಲೆ ಬಾಗಿಸಬೇಕಿಲ್ಲ. ತಿಂಗಳಿಗೊಂದು ಹಾಡು ಮೊಬೈಲಲ್ಲಾದ್ರೂ ರೆಕಾರ್ಡ್ ಮಾಡಿ ಹಾಕಿ. 2004ರ ಥರ ಆಲ್ಬಂಗೆ ಕಾಯೋ ಕಾಲ ಅಲ್ಲ.

ಹುಬ್ಬಳ್ಳಿ ಮಂದಿ
ಕೆಲಸ ಇಟ್ಕೋರಿ ಅಂದದ್ದು ಖರೆ ಐತಿ. ಥರ್ಮಲ್‌ನವರೂ ಟಾಕಾಡೆಮಿ ಅಂತ ಸಂಗೀತ ಸಾಲಿ ತಗದ್ರು. ತಮ್ಮಾ, ನೀನೂ ಗಿಟಾರ್ ಕಲಸು. ನಿಮ್ಮೂರಾಗ ಕಲಿಯೂ ಹುಡುಗ್ರು ಅದಾರ, ಅವರ ನಿನ್ನ ಮೊದಲ ಶ್ರೋತೃಗಳು. ರೂಮಿನ ಬಾಡಿಗಿನೂ ಹೊಂಡ್ತದ.

ಆದ್ರ ಮೊಬೈಲಿಗೆ ಹಾಡಿ ಕುಂತ್ರ ಮಂದಿ ಮುಂದ ನಿಂದರೂದು ಬರೂದಿಲ್ಲ. ಪೆಂಡಾಲಿಗೆ ಹೋಗು.

ತುಂಗಾತೀರ
ಎಲ್ಲರಿಗೂ ಥ್ಯಾಂಕ್ಸ್. ನಾಲ್ಕೂ ಜನ ಕೂತು ಇದನ್ನ ಪೂರ್ತಿ ಓದಿದ್ವಿ. ಬೇಸ್‌ನವನು ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾನೆ, ಅದು ತಪ್ಪಲ್ಲ. ಶನಿವಾರ ರಾತ್ರಿ ಟ್ರೇನಿಗೆ ಬಂದು ಭಾನುವಾರ ನುಡಿಸಿ ವಾಪಸ್. ಎಷ್ಟು ದಿನ ನಡೆಯುತ್ತೋ ನೋಡ್ಬೇಕು, ಆದ್ರೆ ಬ್ಯಾಂಡ್ ಇಲ್ಲೇ ಇರುತ್ತೆ. ಅರ್ತ್ ಗುಂಡಿಗೆ ಅವರ ಅಪ್ಪನೇ ದುಡ್ಡು ಕೊಟ್ರು, ಸುಲಿಯೋಕೆ ಬರೋ ಹೆಂಗಸರಿಗೂ ಒಳ್ಳೇದಾಯ್ತು ಅಂದ್ರು. ಬೇಂದ್ರೆ ಪದ್ಯ ಸದ್ಯಕ್ಕೆ ಪಕ್ಕಕ್ಕೆ, ಪತ್ರ ಬರೀತೀವಿ. ಡೊಳ್ಳಿಗೆ ಅತ್ತೆ ಮಗಳು ಬರೆದ ಹಾಡನ್ನೇ ತಗೋತೀವಿ. ನಮ್ಮ ಬಡಾವಣೆಯ ಆರ್ಕೆಸ್ಟ್ರಾದವರ ಹತ್ತಿರ ಹದಿನೈದು ನಿಮಿಷ ಕೇಳಿದೀನಿ, ಇನ್ನೂ ಹ್ಞೂಂ ಅಂದಿಲ್ಲ.

ಬೀರಪ್ಪನ ಒಕ್ಕಲು ಅಣ್ಣ, ನಾನೂ ಡ್ರಮ್ಮರೂ ಸಾಗರಕ್ಕೆ ಬಂದ್ರೆ ಕಲಿಸ್ತೀರಾ? ಬೈಕಲ್ಲಿ ಬರ್ತೀವಿ.

ಬೀರಪ್ಪನ ಒಕ್ಕಲು
ಬನ್ನಿ. ಭಾನುವಾರ ಬೇಡ, ದೇವಸ್ಥಾನದ ಕೆಲಸ ಇರುತ್ತೆ. ಬುಧವಾರ ಸಂಜೆ ಬನ್ನಿ. ಡ್ರಮ್ ಕೋಲು ತರಬೇಡಿ, ನಮ್ಮ ಕೋಲು ಬೇರೆ.

ಮನೆಮದ್ದು
ಮೊಟ್ಟೆ ಟ್ರೇ ಪ್ರತಿಧ್ವನಿಗಾದ್ರೂ ಆಗುತ್ತೆ ಅಂತ ನೀವೇ ಅಂದ್ರಲ್ಲ?

ಮೂರು ಪಿನ್ನು
ಅದಕ್ಕೆ ಹಳೇ ಕೌದಿ ತೂಗುಹಾಕಿ. ಗೋಡೆಯಿಂದ ಒಂದು ಗೇಣು ದೂರ ಇರಲಿ, ಒಲೆ ಕಡೆ ಬೇಡ.